ಟಿ.ವಿ. ತಾರೆಯ ತೊಟ್ಟಿಲು ಬರಿದಾದಾಗ...

ಸಿನಿಮಾ ಪತ್ರಿಕೇಲಿ ಮಗು ಮಲಗಿಸೋ ಪುರಾಣ ಯಾಕಪ್ಪಾ ಅಂತ ಪುಟ ಮಗುಚಬೇಡಿ ಮಿತ್ರರೇ. ಇದೂ ಒಬ್ಬ ತಾರೆಯ ಕಥೆಯೇ!

ಆಕೆ ಆನ್ ಡೈಮಂಡ್. 1980ರ ದಶಕದಲ್ಲಿ ಇಂಗ್ಲೆಂಡಿನ ಜನ ಬೆಳಗಿನ ಚಹದ ಜತೆ ಟಿ.ವಿ.ಯಲ್ಲಿ ನೋಡುತ್ತಿದ್ದ ನಗುಮುಖ. 1991ರ ಜುಲೈನಲ್ಲಿ ಆಕೆಯ ನಾಲ್ಕು ತಿಂಗಳ ಕಂದ ಸೆಬಾಸ್ಟಿಯನ್ ಮಲಗಿದ್ದಲ್ಲೇ ತೀರಿಕೊಂಡಿತು. ಇಂಥದ್ದಕ್ಕೆ ಅಲ್ಲಿ ‘ತೊಟ್ಟಿಲ ಸಾವು’ ಎಂದೇ ಹೆಸರು. ಆ ದಶಕದ ಕೊನೆಯಲ್ಲಿ ಇಂಗ್ಲೆಂಡ್, ವೇಲ್ಸ್‌ಗಳಲ್ಲೇ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಹಸುಳೆಗಳು ಹೀಗೆ ಹೋಗುತ್ತಿದ್ದವು.

ಬೇರೆ ತಾರೆಯಾಗಿದ್ದರೆ ಕದ ಹಾಕಿಕೊಂಡು ಅಳುತ್ತಿದ್ದರೇನೋ. ಈಕೆ ಕಾರಣ ಹುಡುಕಿ ಹೊರಟರು. ಮಗುವನ್ನು ಬೋರಲು ಮಲಗಿಸಬೇಡಿ ಎಂದು ನ್ಯೂಜಿಲೆಂಡಿನಲ್ಲಿ ಆಗಲೇ ಸಾರುತ್ತಿದ್ದರು. ಬ್ರಿಸ್ಟಲ್‌ನ ಡಾ. ಪೀಟರ್ ಫ್ಲೆಮಿಂಗ್ ತಂಡ 1990ರಲ್ಲೇ ಬೋರಲು ನಿದ್ದೆ, ಅತಿಯಾದ ಹೊದಿಕೆ ಎರಡೂ ಅಪಾಯ ಎಂದು ಬರೆದಿತ್ತು. ಆನ್ ಸರ್ಕಾರದ ಬೆನ್ನು ಬಿದ್ದರು. ಅದೇ ಡಿಸೆಂಬರಿನಲ್ಲಿ ಪ್ರಚಾರ ಶುರು, ಟಿ.ವಿ. ಜಾಹೀರಾತಿನಲ್ಲಿ ತಾವೇ ನಿಂತರು. ಕೆಲವೇ ವರ್ಷದಲ್ಲಿ ಸಾವು ಅರ್ಧಕ್ಕಿಂತ ಕೆಳಗಿಳಿಯಿತು! ಯಾವ ಹೀರೋ ಇಷ್ಟು ಜೀವ ಉಳಿಸಿದ್ದಾನೆ ಹೇಳಿ?

ನಮ್ಮಲ್ಲಿ ಮೊದಲಿಂದಲೂ ಅಂಗಾತ ಮಲಗಿಸೋದು ರೂಢಿ, ಪುಣ್ಯ. ಆದರೆ ಬಾಣಂತಿ ಕೋಣೆ? ಅಕ್ಕ ಹೆರಿಗೆಗೆ ಬಂದಾಗ ನಾನೇ ಕಂಡೆ. ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ಹಾಕಿ, ಕೂಸಿಗೆ ಟೋಪಿ, ಮೇಲೆ ಎರಡು ಕಂಬಳಿ, ತಲೆ ಗುಂಡಗಾಗಲೆಂದು ಸಾಸಿವೆ ದಿಂಬು ಬೇರೆ.

“ಥಂಡಿ ಆಗ್ತದೆ ಕಣೋ,” ಅಂದಳು ಅಜ್ಜಿ.

“ಕತ್ತಿನ ಹಿಂದೆ ಮುಟ್ಟಿ ನೋಡಜ್ಜಿ, ಬೆವತು ತೊಯ್ದಿದೆ.”

ಮುಟ್ಟಿದಳು. ಒಂದು ಕಂಬಳಿ ಹೊರಬಂತು. ದಿಂಬು ತೆಗೆಯೋಕೆ ಮಾತ್ರ ಮೂರು ದಿನ ಜಗಳ!

ಗಟ್ಟಿ, ಚಪ್ಪಟೆ ಹಾಸಿಗೆ ಸಾಕು. ಮೊದಲ ವರ್ಷ ದಿಂಬು ಬೇಡ, ಮುಖದ ಮೇಲೆ ಬಟ್ಟೆ ಬೇಡ. ಸೀರೆ ಜೋಲಿಯಲ್ಲಿ ಗಲ್ಲ ಎದೆಗೊತ್ತಿದರೆ ಉಸಿರು ಇಕ್ಕಟ್ಟಾಗುತ್ತದೆ. ರಾತ್ರಿಯೆಲ್ಲ ಅದರಲ್ಲಿ ಬಿಡಬಾರದು. ಕೂಸು ಎರಡು ಮೂರು ಗಂಟೆಗೊಮ್ಮೆ ಎದ್ದರೆ ರೋಗವೇನಲ್ಲ, ಹೊಟ್ಟೆ ಚಿಕ್ಕದು.

ಈಗ ನಿಮ್ಮ ಸರದಿ ಗುರುಗಳೇ. ಫಸ್ಟ್ ಶೋ ಮುಗಿಸಿ, ಬೀಡಿ ಎಳೆದು, ಅದೇ ಅಂಗಿಯಲ್ಲಿ ಬಂದು ಕೂಸಿನ ಪಕ್ಕ ಉರುಳುವ ಅಪ್ಪಂದಿರು, ಮಾವಂದಿರು ಎಷ್ಟಿಲ್ಲ? ಮನೆಯ ಹೊಗೆ ಈ ಸಾವಿನ ದೊಡ್ಡ ಕಾರಣಗಳಲ್ಲೊಂದು. ಸೇದುವವರು, ಕುಡಿದವರು ಕೂಸಿನ ಜತೆ ಒಂದೇ ಹಾಸಿಗೆಯಲ್ಲಿ ಮಲಗಲೇಬಾರದು. ಕೂಸನ್ನು ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲಿ ತೂಕಡಿಸುವುದಂತೂ ಇನ್ನೂ ಅಪಾಯ. ನಮ್ಮ ಭಾವನಿಗೆ ಇದನ್ನು ಹೇಳಿದೆ. ಗುರ್ ಅಂದರು. ಈಗ ಜಗುಲಿಗೆ ಹೋಗಿ ಸೇದುತ್ತಾರೆ, ಅಂಗಿ ಬದಲಿಸುತ್ತಾರೆ, ಬೇರೆ ಚಾಪೆ ಹಾಸಿಕೊಳ್ಳುತ್ತಾರೆ. ಪೂರ್ತಿ ಬಿಡಿಸುವ ಕೆಲಸ ಅಕ್ಕ ವಹಿಸಿಕೊಂಡಿದ್ದಾಳೆ.

ಹಾಂ, ಡೈರೆಕ್ಟರುಗಳೇ, ಮುಂದಿನ ತೊಟ್ಟಿಲ ಶಾಟ್‌ನಲ್ಲಿ ಆ ಜರಿ ದಿಂಬು ತೆಗೆಸಿಬಿಡಿ.