ಹೊಲದಂಚಿನ ತಿರುವು

ಕಳೆದ ದೀಪಾವಳಿಯ ರಜೆಯಲ್ಲಿ, ವಿದ್ಯಾರ್ಥಿಯೊಬ್ಬನ ಒತ್ತಾಯಕ್ಕೆ ಮಣಿದು, ಮಸ್ಕಿ ತಾಲೂಕಿನ ಪಾಮನಕಲ್ಲೂರಿಗೆ ಹೋಗಿದ್ದೆ. ಕಾಲುವೆಯ ನೀರಿಗಾಗಿ ದೀರ್ಘಕಾಲ ಧರಣಿ ಕುಳಿತ ರೈತರ ಊರದು. ತೊಗರಿ ಹೂಬಿಟ್ಟಿತ್ತು. ಬಾಡಿಗೆಗೆ ತಂದ ಡ್ರೋನೊಂದು ಹೊಲದ ಮೇಲೆ ಔಷಧ ಸಿಂಪಡಿಸುತ್ತಿತ್ತು. ನಡೆಸುತ್ತಿದ್ದವನು ಇಪ್ಪತ್ತರ ಆಸುಪಾಸಿನ ಹುಡುಗ, ಕೆಲಸಕ್ಕೆ ಹೊಸಬ. ನಾಲ್ಕು ಸಾಲು ಸೊಗಸಾಗಿಯೇ ಮುಗಿದವು. ಐದನೆಯದರ ಕೊನೆಯಲ್ಲಿ ತಿರುಗಿಸುವಾಗ ಯಂತ್ರವು ವಿದ್ಯುತ್ ತಂತಿಗೆ ತಗುಲಿ, ಒಮ್ಮೆ ಕಿಡಿಯುಗುಳಿ, ಗಿಡಗಳ ನಡುವೆ ಕುಸಿಯಿತು. ಹುಡುಗನ ಮುಖ ಬಿಳಿಚಿತು. ವಿದ್ಯಾರ್ಥಿಯ ತಂದೆ ಗದರಿಸಲಿಲ್ಲ. ನನ್ನತ್ತ ತಿರುಗಿ, "ಅದರಾಗ ಮನಶ್ಯಾ ಕುಂತಿದ್ರ ಏನ್ ಗತಿ ಇತ್ರೀ, ಸರ?" ಎಂದರು.

ಹಾಗೆ ಮನುಷ್ಯರು ಕುಳಿತೇ ಈ ವಿದ್ಯೆ ಆರಂಭವಾದದ್ದು. 1921ರ ಆಗಸ್ಟ್ 3ರಂದು ಅಮೆರಿಕದ ಓಹಿಯೋ ಪ್ರಾಂತದಲ್ಲಿ ಜಾನ್ ಮ್ಯಾಕ್‌ರೆಡಿ ಎಂಬ ವೈಮಾನಿಕನು, ಕಂಬಳಿಹುಳು ಮುತ್ತಿದ್ದ ಮರಗಳ ತೋಪಿನ ಮೇಲೆ ಹಾರಿ ವಿಷಪುಡಿಯನ್ನು ಚೆಲ್ಲಿದನು. ಕೆಲಸ ಒಂದು ನಿಮಿಷದೊಳಗೆ ಮುಗಿಯಿತಂತೆ. ಮ್ಯಾಕ್‌ರೆಡಿ ನುರಿತವನು. ಅವನ ಹಿಂದೆ ಬಂದವರೆಲ್ಲ ನುರಿತವರಾಗಿರಲಿಲ್ಲ.

ಪೈರಿಗಿಂತ ಒಂದೆರಡು ಆಳೆತ್ತರದಲ್ಲಷ್ಟೇ ಹಾರುವ ವಿಮಾನಕ್ಕೆ ತಪ್ಪನ್ನು ತಿದ್ದಿಕೊಳ್ಳಲು ಅವಕಾಶವೆಲ್ಲಿದೆ? ಆದರೂ ನೇರ ಹಾರಾಟದಲ್ಲಿ ಅಷ್ಟು ಭಯವಿಲ್ಲ. ಹೊಲದ ಅಂಚು ಮುಟ್ಟಿದೊಡನೆ ಮೇಲಕ್ಕೇರಿ, ಒಂದು ಪಕ್ಕಕ್ಕೆ ವಾಲಿ, ಮರಳಿ ಮುಂದಿನ ಸಾಲನ್ನು ಹಿಡಿಯಬೇಕಲ್ಲ, ಮೃತ್ಯು ಹೊಂಚುವುದು ಅಲ್ಲಿ. ಎತ್ತರವನ್ನು ಬಿಡದೆ ಅರವತ್ತು ಡಿಗ್ರಿಯಷ್ಟು ವಾಲಿ ತಿರುಗಿದರೆ ರೆಕ್ಕೆಗಳು ವಿಮಾನದ ತೂಕದ ಇಮ್ಮಡಿ ಭಾರವನ್ನು ಹೊರಬೇಕಾಗುತ್ತದೆ. ಬೀಳದಿರಲು ಬೇಕಾದ ಕನಿಷ್ಠ ವೇಗ ನೂರಕ್ಕೆ ನಲವತ್ತರಷ್ಟು ಏರುತ್ತದೆ. ತೊಟ್ಟಿಯ ತುಂಬ ಔಷಧವಿದ್ದು, ಬಿಸಿಲಿಗೆ ಗಾಳಿ ತೆಳುವಾಗಿದ್ದರಂತೂ ಕಷ್ಟ ಇನ್ನಷ್ಟು. ಹೊಸಬನಿಗೆ ಆತುರ; ಸಾಲು ತಪ್ಪೀತೆಂದು ಹಿಡಿಕೆಯನ್ನು ಇನ್ನೂ ಬಲವಾಗಿ ಎಳೆಯುತ್ತಾನೆ. ರೆಕ್ಕೆ ಗಾಳಿಯ ಹಿಡಿತವನ್ನು ಬಿಟ್ಟುಬಿಡುತ್ತದೆ. ಅನುಭವಿಯಾದವನು ಮೂಗನ್ನು ಕೆಳಗಿಳಿಸುತ್ತಾನೆ, ತೊಟ್ಟಿಯ ಬಾಗಿಲನ್ನು ತೆರೆದು ಭಾರವನ್ನು ಸುರಿದುಬಿಡುತ್ತಾನೆ. ಸಾವಿರಾರು ರೂಪಾಯಿಯ ಔಷಧವನ್ನು ನೆಲಕ್ಕೆ ಚೆಲ್ಲಲು ಹೊಸಬನ ಕೈ ಬರಬೇಕಲ್ಲ!

ಇಂಥ ಹೊಸಬನೊಬ್ಬನಿಂದಲೇ ಮುಂದಿನವರಿಗೆ ಉಪಕಾರವಾಯಿತು. ಹ್ಯೂ ಡಿಹೇವನ್ ಎಂಬ ತರುಣ 1917ರಲ್ಲಿ ವಿಮಾನ ನಡೆಸಲು ಕಲಿಯುತ್ತಿದ್ದಾಗ ಮತ್ತೊಂದು ವಿಮಾನಕ್ಕೆ ಡಿಕ್ಕಿಯಾಗಿ ಬಿದ್ದನು. ಒಳಾಂಗಗಳೆಲ್ಲ ಜರ್ಜರಿತವಾದರೂ ಬದುಕಿದನು. ತಾನೇಕೆ ಉಳಿದೆನೆಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಬೀಳುವುದರಿಂದಲ್ಲ, ಬಿದ್ದಾಗ ಒಳಗಿನ ಮೊನಚು ವಸ್ತುಗಳು ಬಡಿಯುವುದರಿಂದ ಹಲವರು ಸಾಯುತ್ತಾರೆಂದು ಮುಂದೆ ತೋರಿಸಿಕೊಟ್ಟನು. 1950ರಲ್ಲಿ ಫ್ರೆಡ್ ವೀಕ್ ಎಂಬ ತಜ್ಞನು ಕೃಷಿಗೆಂದೇ ರಚಿಸಿದ ವಿಮಾನದಲ್ಲಿ ಚಾಲಕನನ್ನು ಎತ್ತರದಲ್ಲಿ, ಹಿಂದೆ ಕೂರಿಸಿದನು; ಎಂಜಿನ್ನೂ ತೊಟ್ಟಿಯೂ ಮುಂದೆ. ಬಿದ್ದರೆ ಮೊದಲು ನುಗ್ಗುನುಜ್ಜಾಗುವುದು ಅವು.

ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ ನಿರ್ಮಿಸಿದ 'ಬಸಂತ್' ವಿಮಾನದ್ದೂ ಇದೇ ಮಾದರಿ. ಅದರ ಸುಧಾರಿತ ರೂಪ 1972ರ ಮಾರ್ಚ್ 30ರಂದು ಮೊದಲು ಹಾರಿತು. ನಾಲ್ಕು ಡಜನ್ ಕೂಡ ತಯಾರಾಗಲಿಲ್ಲ. 1980ರ ಹೊತ್ತಿಗೆ ನಿರ್ಮಾಣ ನಿಂತಿತು. ಹೆಸರು ಚೆಂದವಿತ್ತು, ವಸಂತ ಮಾತ್ರ ಬೇಗ ಮುಗಿಯಿತು.

ಚಾಲಕ ಕ್ಷೇಮವಾಗಿ ಇಳಿದರೆ ಎಲ್ಲವೂ ಕ್ಷೇಮವೇ? ಕಾಸರಗೋಡಿನ ಗೇರುತೋಪುಗಳ ಮೇಲೆ 2000ದವರೆಗೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ಗುಡ್ಡಗಾಡಿನಲ್ಲಿ ತಗ್ಗಿ ಹಾರಲಾಗದೆ ವಿಷ ಗಾಳಿಗೆ ಸಿಕ್ಕಿ ಮನೆ, ಬಾವಿಗಳನ್ನೂ ಸೇರಿತು. ಕೊಕ್ಕಡದ ಸುತ್ತಿನ ಹಳ್ಳಿಗಳದೂ ಇದೇ ಗೋಳು. ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ತಡೆದದ್ದು 2011ರಲ್ಲಿ.

ಇದನ್ನೆಲ್ಲ ಸಂಜೆ ಜಗಲಿಯಲ್ಲಿ ಕುಳಿತು ಹೇಳಿದೆ. ಹುಡುಗ ಮುರಿದ ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದ. "ಎಷ್ಟು ದಿನ ಕಲಿತಿಯಪ್ಪಾ?" ಎಂದೆ. "ನಮ್ಮಣ್ಣ ಕಲ್ತಾನ್ರೀ ಸರ, ಲೈಸೆನ್ಸ್ ಅವಂದs. ನಾ ಅವನ್ನ ನೋಡಿ ಕಲ್ತೀನ್ರೀ" ಎಂದ. ಯಜಮಾನರು ಮಾತಾಡದೆ ಒಳಕ್ಕೆ ಹೋಗಿ ಹಳೆಯ ಕೆಂಪು ಸೀರೆಯೊಂದನ್ನು ತಂದರು. ಮರುದಿನ ಬೆಳಿಗ್ಗೆ ನಾನು ಬಸ್ಸು ಹಿಡಿಯಲು ಹೊರಟಾಗ, ಆ ತಂತಿ ಹಾದುಹೋಗುವ ಬದುವಿನುದ್ದಕ್ಕೂ ಕೋಲು ನೆಟ್ಟು ಕೆಂಪು ಚಿಂದಿಗಳನ್ನು ಕಟ್ಟುತ್ತಿದ್ದರು. ಹುಡುಗ ಕೋಲುಗಳನ್ನು ಎತ್ತಿ ಕೊಡುತ್ತಿದ್ದ.