ಎತ್ತರದ ಲಾರಿ, ತಗ್ಗಿನ ಸೇತುವೆ

ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದ ಡರಂ ನಗರದಲ್ಲಿ ಗ್ರೆಗ್ಸನ್ ಬೀದಿಯನ್ನು ಹಾಯುವ ರೈಲು ಸೇತುವೆಯೊಂದುಂಟು. 1940ರಲ್ಲಿ ಕಟ್ಟಿದ ಅದರ ಕೆಳಗೆ ವಾಹನಗಳಿಗೆ ಇದ್ದ ತೆರವು 11 ಅಡಿ 8 ಅಂಗುಲ, ಎಂದರೆ ಸುಮಾರು 3.56 ಮೀಟರು ಮಾತ್ರ. ಬಾಡಿಗೆ ಲಾರಿಗಳು ಅಲ್ಲಿ ನುಗ್ಗಿ, ಡಬ್ಬಿಯ ಮುಚ್ಚಳ ಸುಲಿದಂತೆ ಚಾವಣಿಯನ್ನು ಕಳೆದುಕೊಳ್ಳುವುದು ಊರಿನವರಿಗೆ ಪರಿಚಿತ ನೋಟ. 2008ರಲ್ಲಿ ಸಮೀಪದ ಕಚೇರಿಯಲ್ಲಿದ್ದವರೊಬ್ಬರು ಕ್ಯಾಮೆರಾ ಇರಿಸಿದ ಮೇಲೆ ನೂರಕ್ಕೂ ಮಿಕ್ಕಿದ ಢಿಕ್ಕಿಗಳು ಅದರಲ್ಲಿ ದಾಖಲಾದವು.

ರಸ್ತೆಯನ್ನು ತಗ್ಗಿಸಬಾರದಿತ್ತೆ? ಅದರಡಿಯಲ್ಲಿ ನಗರದ ಕೊಳಚೆನೀರಿನ ದೊಡ್ಡ ಕೊಳವೆ ಹಾದಿದೆ. ಸೇತುವೆಯನ್ನು ಎತ್ತರಿಸೋಣವೆಂದರೆ, ರೈಲು ಕಡಿದಾದ ಏರನ್ನು ಹತ್ತಲಾರದು. ಎರಡು ಕಡೆಯೂ ಬಹುದೂರದಿಂದ ಹಳಿಯನ್ನು ಮೆಲ್ಲಮೆಲ್ಲನೆ ಏರಿಸುತ್ತ ಬರಬೇಕು. ಆದುದರಿಂದ ಸೇತುವೆಯ ಮುಂದೆ ಉಕ್ಕಿನ ತೊಲೆಯನ್ನು ಅಡ್ಡಲಾಗಿ ನಿಲ್ಲಿಸಿದರು. ಲಾರಿ ಏನಾದರೂ ಆಗಲಿ, ಪೆಟ್ಟು ತೊಲೆಗೆ ಬೀಳಲಿ. ಮೇಲಿನ ಹಳಿ ಸ್ವಲ್ಪ ಸರಿದರೂ ರೈಲಿಗೆ ಗಂಡಾಂತರವಲ್ಲವೆ? 2016ರಲ್ಲಿ, ಎತ್ತರದ ವಾಹನವನ್ನು ತಾನೇ ಗುರುತಿಸಿ ಕೆಂಪು ದೀಪ ಹೊತ್ತಿಸುವ ಸಾಧನ ಬಂದಿತು. ಕೆಲವು ಚಾಲಕರು ದೀಪ ಹಸುರಾಗುವವರೆಗೆ ಶಿಸ್ತಿನಿಂದ ಕಾದು, ಅನಂತರ ಹೋಗಿ ಹೊಡೆದರು! 2019ರಲ್ಲಿ ಸೇತುವೆಯನ್ನು ಹೇಗೋ 8 ಅಂಗುಲ ಎತ್ತರಿಸಿದರು. ಆಮೇಲೂ ಢಿಕ್ಕಿಗಳು ಪೂರ್ತಿ ನಿಲ್ಲಲಿಲ್ಲ.

ಇದೆಲ್ಲ ಚಾಲಕರ ಅಲಕ್ಷ್ಯವೆಂದು ನಾವು ನಗಬಹುದು. ಆದರೆ ಚಾಲಕನ ಕೋಣೆಗಿಂತ ಎಷ್ಟೋ ಮೇಲೆದ್ದ ಹಿಂದಿನ ಪೆಟ್ಟಿಗೆ ಅವನ ಕಣ್ಣಿಗೆ ಕಾಣದು. ಅದರ ಎತ್ತರವಾದರೂ ಸ್ಥಿರವೆ? ಸರಕಿನ ಭಾರಕ್ಕೆ ಸ್ಪ್ರಿಂಗುಗಳು ಕುಗ್ಗುತ್ತವೆ, ಇಳಿಸಿದೊಡನೆ ಮೇಲೇಳುತ್ತವೆ. ಬೆಳಿಗ್ಗೆ ಸರಕು ತುಂಬಿ ನುಸುಳಿಹೋದ ಲಾರಿ ಸಂಜೆ ಬರಿದಾಗಿ ಮರಳುವಾಗ ಸಿಕ್ಕಿಕೊಳ್ಳಬಹುದು. ಸಿಕ್ಕಿಕೊಂಡ ಲಾರಿಯ ಟೈರುಗಳಿಂದ ಗಾಳಿ ಬಿಟ್ಟು ಬಿಡಿಸುವ ಹಳೆಯ ಉಪಾಯವೂ ಇದೇ ತತ್ತ್ವದ್ದು.

ಇನ್ನೊಂದು ಸೂಕ್ಷ್ಮವಿದೆ. ಸೇತುವೆಯಡಿಯ ರಸ್ತೆ ಅನೇಕ ಕಡೆ ಬೋಗುಣಿಯಂತೆ ತಗ್ಗಿರುತ್ತದೆ. ಹಿಂದಿನ ಗಾಲಿಗಳು ಇಳಿಜಾರಿನಲ್ಲೂ ಮುಂದಿನವು ಏರಿನಲ್ಲೂ ಇರುವಾಗ ರಸ್ತೆ ಬಿಲ್ಲಾದರೆ ಲಾರಿ ಅದರ ಹೆದೆ. (ರೇಖಾಗಣಿತದಲ್ಲಿ ನಾವು ಕಲಿಯುವ ‘ಜ್ಯಾ’ ಎಂಬ ಪದಕ್ಕೂ ಹೆದೆಯೆಂದೇ ಅರ್ಥ.) ಆಗ ಲಾರಿಯ ನಡುಭಾಗ ತಗ್ಗಿನ ತಳದಿಂದ ಮೇಲೆಯೇ ಉಳಿಯುತ್ತದೆ. ಎಷ್ಟು ಮೇಲೆ? ಗಾಲಿಗಳ ಅಂತರದ ವರ್ಗವನ್ನು ಬಾಗಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸೋಣ. ಅಂತರ 6 ಮೀಟರು, ತ್ರಿಜ್ಯ 100 ಮೀಟರು ಆದರೆ 36ನ್ನು 800ರಿಂದ ಭಾಗಿಸಿದಾಗ 4.5 ಸೆಂಟಿಮೀಟರು ದೊರೆಯುತ್ತದೆ. ಕೂದಲೆಳೆಯಲ್ಲಿ ಪಾರಾಗಬೇಕಾದ ಲಾರಿ ಸಿಕ್ಕಿಬೀಳಲು ಇಷ್ಟು ಸಾಕು. ಅಲ್ಲದೆ ರಸ್ತೆಗೆ ಹೊಸ ಡಾಂಬರು ಹಾಸಿದಾಗಲೆಲ್ಲ ತೆರವು ಆ ಪದರದಷ್ಟು ಕಿರಿದಾಗುತ್ತದೆ. ಫಲಕದ ಮೇಲಿನ ಅಂಕಿ ಮಾತ್ರ ಹಳೆಯದೇ ಉಳಿದಿರಬಹುದು.