ಊರು ಬಿಟ್ಟವರ ಮನಸ್ಸಿಗೆ ಮದ್ದೆಲ್ಲಿ?

ಹೊಟ್ಟೆಪಾಡಿಗಾಗಿ ಊರು ಬಿಡುವುದು ನಮ್ಮ ದೇಶದಲ್ಲಿ ಹೊಸ ಸಂಗತಿಯೇನೂ ಅಲ್ಲ. ಮಳೆ ಕೈಕೊಟ್ಟ ವರ್ಷ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಂದ ಜನರು ಸಂಸಾರ ಸಮೇತ ಹೊರಡುವುದಕ್ಕೆ ‘ಗುಳೆ ಹೋಗುವುದು’ ಎಂಬ ಹೆಸರೇ ಉಂಟು. ಬೆಂಗಳೂರಿನಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳಲ್ಲಿ ಇವರ ಪಕ್ಕದಲ್ಲಿಯೇ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂಗಳಿಂದ ಬಂದವರು ಇಟ್ಟಿಗೆ ಹೊರುತ್ತಾರೆ, ಕಬ್ಬಿಣ ಕಟ್ಟುತ್ತಾರೆ. 2011ರ ಜನಗಣತಿಯ ಪ್ರಕಾರ, ತಾವು ಮೊದಲಿದ್ದ ಸ್ಥಳವನ್ನು ಬಿಟ್ಟು ಬೇರೆಡೆ ನೆಲೆಸಿದವರು ದೇಶದಲ್ಲಿ ಸುಮಾರು 45 ಕೋಟಿ. ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದೇ ಈ ಲೆಕ್ಕದಲ್ಲಿ ದೊಡ್ಡ ಪಾಲು. ಅವರನ್ನು ಬಿಟ್ಟು, ಕೇವಲ ದುಡಿಮೆಗಾಗಿ ಊರು ತೊರೆದವರನ್ನು ಎಣಿಸಿದರೂ ಸಂಖ್ಯೆ ಕೋಟಿಗಳಲ್ಲಿಯೇ ಉಳಿಯುತ್ತದೆ.

ಇಂಥವರಿಗೆ ಜ್ವರ ಬಂದರೆ, ಕೈ ಮುರಿದರೆ, ಆಸ್ಪತ್ರೆ ಹೇಗೋ ಒದಗುತ್ತದೆ. ಗಾಯ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದನ್ನು ತೋರಿಸಲು ಭಾಷೆ ಬೇಕಿಲ್ಲ. ಆದರೆ ಮನಸ್ಸು ಕೆಟ್ಟಾಗ ಹಾಗಲ್ಲ. ಮನೋರೋಗದ ಚಿಕಿತ್ಸೆಗೆ ಮೂರು ಆಧಾರಗಳು ಬೇಕು: ರೋಗಿಯ ಮಾತನ್ನು ಬಲ್ಲ ವೈದ್ಯ, ಜೊತೆಗೆ ಬರುವ ಒಬ್ಬ ಆಪ್ತ, ತಿಂಗಳುಗಟ್ಟಲೆ ತಪ್ಪದೆ ನಡೆಯುವ ಔಷಧೋಪಚಾರ. ಊರು ಬಿಟ್ಟವನು ಕಳೆದುಕೊಳ್ಳುವುದು ಈ ಮೂರನ್ನೇ. ಆಸ್ಪತ್ರೆ ಎರಡೇ ಮೈಲಿ ದೂರದಲ್ಲಿದ್ದರೂ ಅದು ಅವನ ಪಾಲಿಗೆ ಇಲ್ಲದಂತಾಗುವುದು ಈ ಕಾರಣದಿಂದ.

ಹಳೆಯದೊಂದು ಪ್ರಶ್ನೆ

ಪರಸ್ಥಳದ ವಾಸಕ್ಕೂ ಮನಸ್ಸಿನ ಕಾಯಿಲೆಗೂ ಇರುವ ಸಂಬಂಧವನ್ನು ವೈದ್ಯರು ಬಹು ಹಿಂದೆಯೇ ಗಮನಿಸಿದ್ದರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಮನೆಯ ಹಂಬಲದಿಂದ ಸೊರಗಿಹೋಗುವವರನ್ನು ಕುರಿತು ಬಾಸೆಲ್ ನಗರದಲ್ಲಿ ಒಂದು ಪ್ರಬಂಧವನ್ನು ಮಂಡಿಸಿದ. ಬರ್ನ್ ನಗರದಿಂದ ಓದಲು ಬಂದು ಹಾಸಿಗೆ ಹಿಡಿದಿದ್ದ ತರುಣನೊಬ್ಬ, ಊರಿಗೆ ಕರೆದೊಯ್ಯಲು ಹೊರಟೊಡನೆಯೇ ಚೇತರಿಸಿಕೊಂಡ ಸಂಗತಿಯನ್ನು ಅದರಲ್ಲಿ ಹೇಳಿದ್ದಾನೆ. ‘ನಾಸ್ಟಾಲ್ಜಿಯ’ ಎಂಬ ಶಬ್ದ ಹುಟ್ಟಿದ್ದು ಆ ಪ್ರಬಂಧದಲ್ಲಿ. ಇಂದು ಸವಿನೆನಪಿಗೆ ಸಲ್ಲುವ ಆ ಶಬ್ದ ಅಂದು ಒಂದು ರೋಗದ ಹೆಸರಾಗಿತ್ತು.

1932ರಲ್ಲಿ ನಾರ್ವೆಯ ಮನೋವೈದ್ಯ ಓಡೆಗಾರ್ಡ್ ಇದೇ ಪ್ರಶ್ನೆಯನ್ನು ಅಂಕಿಅಂಶಗಳ ಮೂಲಕ ಪರೀಕ್ಷಿಸಿದ. ಅಮೆರಿಕದ ಮಿನೆಸೋಟಕ್ಕೆ ಹೋಗಿ ನೆಲೆಸಿದ ನಾರ್ವೆಯವರಲ್ಲಿ ಸ್ಕಿಜೋಫ್ರೇನಿಯ ರೋಗಕ್ಕಾಗಿ ಆಸ್ಪತ್ರೆ ಸೇರುವವರ ಪ್ರಮಾಣ, ನಾರ್ವೆಯಲ್ಲಿಯೇ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚೆಂದು ಅವನು ಕಂಡುಕೊಂಡ. ದುರ್ಬಲ ಮನಸ್ಸಿನವರೇ ಹೆಚ್ಚಾಗಿ ದೇಶ ಬಿಡುತ್ತಾರೆಂಬುದು ಅವನ ಊಹೆ. ಆ ಊಹೆಯಿಂದಲೇ ಎಲ್ಲವನ್ನೂ ವಿವರಿಸಲಾಗದೆಂದು ನಂತರದ ಸಂಶೋಧನೆಗಳು ತೋರಿಸಿವೆ. ಊರು ಬಿಡುವವರು ಅನೇಕ ವೇಳೆ ಮನೆಯ ಗಟ್ಟಿಗರು, ಸಾಹಸಿಗಳು. ಹೋದ ಕಡೆ ಎದುರಾಗುವ ಒಂಟಿತನ, ಸಾಲ, ತಿರಸ್ಕಾರ, ಇಕ್ಕಟ್ಟಾದ ಬಿಡಾರ, ನಾಳೆಯ ಕೂಲಿಯ ಅನಿಶ್ಚಯ, ಇವು ಒಂದರ ಮೇಲೊಂದು ಬಿದ್ದಾಗ ಗಟ್ಟಿ ಮನಸ್ಸೂ ಕುಗ್ಗುತ್ತದೆ. ವಲಸೆ ಬಂದವರೆಲ್ಲ ಕಾಯಿಲೆ ಬೀಳುತ್ತಾರೆಂದು ಇದರ ಅರ್ಥವಲ್ಲ. ಬಿದ್ದವರಿಗೆ ಆಸರೆ ಕಡಮೆ ಎಂಬುದೇ ಮುಖ್ಯವಾದ ಮಾತು.

ರೋಗವೆಂದು ತಿಳಿಯುವ ಮೊದಲು

ಗಾರೆ ಕೆಲಸದವನೊಬ್ಬನಿಗೆ ಕೆಲವು ವಾರಗಳಿಂದ ನಿದ್ರೆಯಿಲ್ಲವೆಂದು ಇಟ್ಟುಕೊಳ್ಳೋಣ. ಊಟ ಸೇರದು, ತಲೆ ಭಾರ, ಮೈಕೈ ನೋವು, ಕೆಲಸದಲ್ಲಿ ಕೈ ಓಡದು. ಇದು ಖಿನ್ನತೆಯ ಲಕ್ಷಣವಾಗಿರಬಹುದೆಂದು ಅವನಿಗಾಗಲಿ, ಮೇಸ್ತ್ರಿಗಾಗಲಿ ಹೊಳೆಯುವುದಿಲ್ಲ. ಮೊದಲು ಔಷಧದ ಅಂಗಡಿಯಿಂದ ನೋವಿನ ಮಾತ್ರೆ ಬರುತ್ತದೆ. ಆಮೇಲೆ ಯಾವನೋ ಒಬ್ಬನಿಂದ ‘ಶಕ್ತಿಯ ಇಂಜೆಕ್ಷನ್’. ಅದೂ ನಾಟದಿದ್ದರೆ ರಾತ್ರಿಯ ಹೆಂಡ. ಕೊನೆಗೆ, ಕೆಲಸಕ್ಕಾಗದವನೆಂದು ರೈಲು ಹತ್ತಿಸುತ್ತಾರೆ. ಕಾಯಿಲೆಗೆ ಹೆಸರು ಸಿಕ್ಕುವ ಮೊದಲೇ ಕೆಲಸ ಹೋಗಿರುತ್ತದೆ.

ಇದು ವಲಸಿಗರೊಬ್ಬರ ದುಃಸ್ಥಿತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯುಂಟು. ಅವರಲ್ಲಿ ಚಿಕಿತ್ಸೆಯಿಲ್ಲದೆ ಉಳಿದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92. ಸ್ವಂತ ಊರಿನಲ್ಲಿ, ಸ್ವಂತ ಜನರ ನಡುವೆ ಇರುವವರ ಪಾಡೇ ಹೀಗಿರುವಾಗ, ಗುರುತು ಪರಿಚಯವಿಲ್ಲದ ನಗರದಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗುವವನ ಪಾಡನ್ನು ಊಹಿಸಬಹುದು.

ಮಾತು ತಿಳಿಯದಿದ್ದರೆ

ರಕ್ತ ಪರೀಕ್ಷೆಯಿಂದ ಖಿನ್ನತೆಯನ್ನು ಕಂಡುಹಿಡಿಯಲು ಬರುವುದಿಲ್ಲ. ಮನೋವೈದ್ಯನಿಗೆ ಮುಖ್ಯ ಉಪಕರಣ ರೋಗಿಯ ಮಾತು. ಆ ಮಾತು ತಿಳಿಯದಿದ್ದರೆ ರೋಗವೂ ತಿಳಿಯದು.

ಉತ್ತರ ದೇಶದ ಕೂಲಿಯವನು ‘ಘಬರಾಹಟ್’ ಎನ್ನುತ್ತಾನೆ. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟಿದಂತಾಗುವುದು, ಕಾರಣವಿಲ್ಲದ ಭಯ, ಒಳಗೊಳಗೇ ಚಡಪಡಿಕೆ, ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ಪಕ್ಕದಲ್ಲಿ ನಿಂತವನು ಅದನ್ನು ‘ಗಾಬರಿಯಂತೆ’ ಎಂದು ಕನ್ನಡಕ್ಕೆ ತಂದರೆ, ತಿಂಗಳುಗಳ ಸಂಕಟವು ಒಂದು ಗಳಿಗೆಯ ಬೆದರಿಕೆಯಾಗಿ ಕುಗ್ಗುತ್ತದೆ. ಕನ್ನಡದವರು ಹೊರನಾಡಿಗೆ ಹೋದರೂ ಇದೇ ಕಥೆ. ಮಗನನ್ನು ಕಳೆದುಕೊಂಡ ತಾಯಿ ‘ಹೊಟ್ಟೆ ಉರಿಯುತ್ತದೆ’ ಎಂದುದನ್ನು ಪದಶಃ ಭಾಷಾಂತರಿಸಿದರೆ, ಪರಭಾಷೆಯ ವೈದ್ಯ ಹುಳಿತೇಗಿಗೆ ಔಷಧ ಬರೆದುಕೊಟ್ಟಾನು!

ದ್ವಿಭಾಷಿ ಯಾರೆಂಬುದೂ ಮುಖ್ಯ. ಅನೇಕ ಕಡೆ ಆ ಕೆಲಸಕ್ಕೆ ಸಿಕ್ಕುವವನು ಮೇಸ್ತ್ರಿ, ಇಲ್ಲವೆ ಶಾಲೆಯಲ್ಲಿ ಸ್ಥಳೀಯ ಭಾಷೆ ಕಲಿತ ಮಗು. ಕೂಲಿ ಹಿಡಿದಿಟ್ಟುಕೊಂಡ ಮೇಸ್ತ್ರಿಯ ಎದುರು ತನ್ನ ಸಾಲದ ಸಂಕಟವನ್ನು ಯಾರು ಹೇಳಿಕೊಂಡಾರು? ಸಾಯಬೇಕೆನಿಸುತ್ತದೆ ಎಂಬ ಮಾತನ್ನು ತಾಯಿಯೊಬ್ಬಳು ಹತ್ತು ವರ್ಷದ ಮಗಳ ಬಾಯಿಂದ ವೈದ್ಯರಿಗೆ ಹೇಗೆ ಹೇಳಿಸಿಯಾಳು? ಆಸ್ಟ್ರೇಲಿಯದಲ್ಲಿ ದೂರವಾಣಿಯ ಮೂಲಕ ದ್ವಿಭಾಷಿಗಳನ್ನು ಒದಗಿಸುವ ಸರಕಾರಿ ವ್ಯವಸ್ಥೆ 1973ರಲ್ಲಿಯೇ ಆರಂಭವಾಯಿತು. ನಮ್ಮಲ್ಲಿಯೂ 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು, ತನ್ನ ಚಿಕಿತ್ಸೆಯ ವಿವರವನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದು ರೋಗಿಯ ಹಕ್ಕೆಂದು ಹೇಳುತ್ತದೆ. ಹಕ್ಕು ಕಾಗದದಿಂದಿಳಿದು ಪ್ರತಿಯೊಂದು ಹೊರರೋಗಿ ವಿಭಾಗಕ್ಕೂ ಬರಬೇಕಾದರೆ, ನುರಿತ ದ್ವಿಭಾಷಿಗಳು ಬೇಕು.

ಜೊತೆಗೆ ಯಾರು ಬಂದಿದ್ದಾರೆ?

ಮನೋರೋಗಿಯೊಡನೆ ಬಂದವರನ್ನು ನಮ್ಮ ಆಸ್ಪತ್ರೆಗಳಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೊಂದು. ಅದರ ಹಿಂದೆ ಒಂದು ಒಳ್ಳೆಯ ಇತಿಹಾಸವುಂಟು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಬಂಧುಗಳನ್ನು ಅಲ್ಲಿಯೇ ಇರಗೊಟ್ಟರು. ಮನೆಯವರು ಜೊತೆಗಿದ್ದ ರೋಗಿಗಳು ಬೇಗ ಚೇತರಿಸಿಕೊಂಡರು. ಮನೆಯವರ ಭಯವೂ ಹೋಯಿತು. ಅಂದಿನಿಂದ ಭಾರತದ ಮನೋವೈದ್ಯ ಚಿಕಿತ್ಸೆಯು ಕುಟುಂಬದ ಹೆಗಲ ಮೇಲೆಯೇ ನಿಂತಿದೆ. ಮಾತ್ರೆ ನುಂಗಿಸುವವರು, ನಿದ್ರೆ ಬಂತೇ ಎಂದು ನೋಡುವವರು, ಮುಂದಿನ ಸಲ ಕರೆತರುವವರು ಮನೆಯವರೇ.

ಆ ಹೆಗಲು ವಲಸಿಗನಿಗೆ ಇಲ್ಲ. ಬಿಡಾರದ ಗೆಳೆಯನು ಜೊತೆಗೆ ಬಂದರೆ ಇಬ್ಬರ ದಿನಗೂಲಿಯೂ ಹೋಯಿತು. ಖಿನ್ನತೆಗೆ ಕೊಡುವ ಮಾತ್ರೆಗಳು ಗುಣ ತೋರಿಸಲು ಎರಡು ಮೂರು ವಾರಗಳಾದರೂ ಬೇಕು. ಬಾಯಾರಿಕೆ, ಹೊಟ್ಟೆ ತೊಳಸುವುದು ಮೊದಲಾದ ತೊಂದರೆಗಳು ಮಾತ್ರ ಮೊದಲ ದಿನಗಳಲ್ಲಿಯೇ ಕಾಣಿಸುತ್ತವೆ. ಹೇಳುವವರಿಲ್ಲದಿದ್ದರೆ, ‘ಈ ಮದ್ದಿನಿಂದ ಇನ್ನೂ ಕೆಟ್ಟಿತು’ ಎಂದು ಅವನು ನಾಲ್ಕನೆಯ ದಿನವೇ ಬಿಟ್ಟುಬಿಡುತ್ತಾನೆ. ಕೆಲವು ಮಾತ್ರೆಗಳಿಂದ ಮಂಪರು ಬರುತ್ತದೆ. ಹತ್ತನೆಯ ಮಹಡಿಯ ಸಾರವೆಯ ಮೇಲೆ ನಿಲ್ಲುವವನಿಗೆ ಮಂಪರೆಂದರೆ ಪ್ರಾಣಾಪಾಯ. ಕೆಲಸವೇನೆಂದು ವೈದ್ಯರು ಕೇಳಬೇಕು, ರೋಗಿಯೂ ಹೇಳಬೇಕು.

ಇನ್ನು ಗುಳೆ ಹೋಗುವವರ ತೊಡಕು ಬೇರೆ. ತಾಲ್ಲೂಕು, ಜಿಲ್ಲೆಗಳ ಮಟ್ಟಕ್ಕೆ ಮನೋವೈದ್ಯ ಸೇವೆಯನ್ನು ಒಯ್ಯುವ ಕಾರ್ಯದಲ್ಲಿ ಕರ್ನಾಟಕವು ಮೊದಲಿಗರ ಸಾಲಿನಲ್ಲಿದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ ಊರಿನ ಆಸ್ಪತ್ರೆಯಲ್ಲಿ ಔಷಧ ಆರಂಭಿಸಿದವಳು ಮೂರು ತಿಂಗಳ ನಂತರ ಬೆಂಗಳೂರಿನ ಶೆಡ್ಡಿಗೆ ಬಂದರೆ, ಅವಳ ಚೀಟಿ ಊರಿನಲ್ಲಿ, ರೋಗ ಬೆಂಗಳೂರಿನಲ್ಲಿ. ಹೊರಡುವವರ ಕೈಗೆ ರೋಗದ ಹೆಸರು, ಔಷಧದ ಹೆಸರು ಮತ್ತು ಪ್ರಮಾಣಗಳನ್ನು ಬರೆದ ಚೀಟಿಯನ್ನೂ ದಾರಿಗೆ ಸಾಕಾಗುವಷ್ಟು ಮಾತ್ರೆಗಳನ್ನೂ ಕೊಟ್ಟು ಕಳಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ದಾರಿ ತಪ್ಪಿದವರು

ಆಸರೆ ಪೂರ್ತಿ ತಪ್ಪಿದವರ ಕೊನೆಯ ನೆಲೆ ರೈಲು ನಿಲ್ದಾಣ, ಬೀದಿ. ಜಡೆಗಟ್ಟಿದ ಕೂದಲು, ಹರಕು ಬಟ್ಟೆಯ ಇಂಥವರನ್ನು ನೋಡಿ ಮುಖ ತಿರುಗಿಸಿಕೊಳ್ಳುವವರೇ ಹೆಚ್ಚು. ಅವರ ನಡುವೆ ಒಂದು ಕಾಲಕ್ಕೆ ಸಂಸಾರವಂದಿಗರಾಗಿ, ಕೆಲಸ ಹುಡುಕಿಕೊಂಡು ಹೊರಟು, ಕಾಯಿಲೆ ಬಿದ್ದು ಎಲ್ಲಿಯೋ ರೈಲು ಇಳಿದವರೂ ಇದ್ದಾರೆ. ಮುಂಬಯಿಯ ಮನೋವೈದ್ಯ ಭರತ್ ವಾಟ್ವಾನಿಯವರು ತಮ್ಮ ಪತ್ನಿಯೊಡನೆ 1988ರಲ್ಲಿ ಸ್ಥಾಪಿಸಿದ ಶ್ರದ್ಧಾ ಪುನರ್ವಸತಿ ಸಂಸ್ಥೆಯೂ, ಮದರಾಸಿನಲ್ಲಿ 1993ರಲ್ಲಿ ಇಬ್ಬರು ತರುಣಿಯರು ಆರಂಭಿಸಿದ ‘ಬಾನ್ಯನ್’ ಸಂಸ್ಥೆಯೂ ಇಂಥವರನ್ನು ಕರೆತಂದು ಉಪಚರಿಸುತ್ತ ಬಂದಿವೆ. ಔಷಧ ಹಿಡಿದು ಮನಸ್ಸು ತಿಳಿಯಾದಂತೆ ಊರಿನ ಹೆಸರು, ತಂದೆಯ ಹೆಸರು, ಹತ್ತಿರದ ಸಂತೆಯ ಹೆಸರು ಒಂದೊಂದಾಗಿ ಹೊರಬೀಳುತ್ತವೆ. ಸತ್ತರೆಂದು ತಿಳಿದಿದ್ದವರು ವರ್ಷಗಳ ನಂತರ ಮನೆ ಸೇರಿದ ನಿದರ್ಶನಗಳು ಹಲವು. ವಾಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಸೇವೆಗಾಗಿ.

ಕಾನೂನೂ ಇವರನ್ನು ಮರೆತಿಲ್ಲ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಮನೋರೋಗಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಗಳೊಳಗೆ ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು; ಲಾಕಪ್ಪಿನಲ್ಲಿ ಇಡಕೂಡದು; ಅವರ ಮನೆಯವರನ್ನು ಹುಡುಕಿಸಬೇಕು. ನಿರ್ಗತಿಕರಿಗೂ ಮನೆಯಿಲ್ಲದವರಿಗೂ ಬಡತನದ ಕಾರ್ಡಿಲ್ಲದಿದ್ದರೂ ಸರಕಾರಿ ಚಿಕಿತ್ಸೆ ಉಚಿತವಾಗಿಯೇ ದೊರೆಯಬೇಕು. ಹೀಗೆಂದು ಅದೇ 2017ರ ಅಧಿನಿಯಮ ವಿಧಿಸಿದೆ.

2020 ಕಲಿಸಿದ ಪಾಠ

ಇಷ್ಟು ವರ್ಷ ಮರೆಯಲ್ಲಿದ್ದ ಈ ಜನರನ್ನು ನಾಡೆಲ್ಲ ಕಣ್ತೆರೆದು ನೋಡಿದ್ದು 2020ರಲ್ಲಿ. ಕೋವಿಡ್ ಹಾವಳಿಯಿಂದಾಗಿ ಮಾರ್ಚ್ 25ರಿಂದ ದೇಶವೇ ಸ್ತಬ್ಧವಾದಾಗ, ಕೂಲಿಯೂ ವಾಹನವೂ ಇಲ್ಲದೆ ಲಕ್ಷಾಂತರ ಜನರು ಹೆದ್ದಾರಿಗಳಲ್ಲಿ ಮಕ್ಕಳನ್ನು ಹೊತ್ತು ಊರಿನತ್ತ ನಡೆದರು. ಶಿಬಿರಗಳಲ್ಲಿ ತಂಗಿದವರ ಭಯ, ಆತಂಕಗಳನ್ನು ಅಧಿಕಾರಿಗಳು ಅರಿತು ನಡೆಯಬೇಕೆಂದೂ, ತರಬೇತಿ ಪಡೆದ ಆಪ್ತಸಲಹೆಗಾರರು ಅವರನ್ನು ಭೇಟಿ ಮಾಡಬೇಕೆಂದೂ ಸುಪ್ರೀಂ ಕೋರ್ಟು ಅದೇ ಮಾರ್ಚ್ 31ರಂದು ಹೇಳಿತು. ಅನ್ನ, ನೆರಳುಗಳೊಡನೆ ಮನಸ್ಸಿನ ಆರೈಕೆಯನ್ನೂ ನ್ಯಾಯಾಲಯ ಸೇರಿಸಿ ಎಣಿಸಿತೆಂಬುದು ಗಮನಾರ್ಹ.

ಎರಡು ವರ್ಷಗಳ ಬಳಿಕ, 2022ರ ಅಕ್ಟೋಬರ್ 10ರಂದು, ಕೇಂದ್ರ ಸರಕಾರವು ‘ಟೆಲಿ-ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು; ಇಪ್ಪತ್ತು ಭಾಷೆಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಬೆಂಗಳೂರಿನ ಶೆಡ್ಡಿನಲ್ಲಿ ಕುಳಿತ ಬಂಗಾಳಿ ಬಂಗಾಳಿಯಲ್ಲಿಯೂ, ಪುಣೆಯಲ್ಲಿ ದುಡಿಯುವ ಕನ್ನಡಿಗ ಕನ್ನಡದಲ್ಲಿಯೂ ಮಾತನಾಡಲು ಇದರಿಂದ ಅನುಕೂಲವಾಗಿದೆ. ಭಾಷೆಯ ತೊಡಕಿಗೆ ಇದು ಒಳ್ಳೆಯ ಉತ್ತರ. ಆದರೆ ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೈ, ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳುವ ಬಾಯಿ ದೂರವಾಣಿಗಿಲ್ಲ.

ಮನೆಮನೆಯ ಮಾತು

ಆ ಕೈ, ಆ ಬಾಯಿ ನಗರವಾಸಿಗಳದಾಗಬಹುದು. ಪ್ರತಿಯೊಂದು ಬಡಾವಣೆಯಲ್ಲಿಯೂ ಕಾವಲುಗಾರನೊಬ್ಬ, ಮನೆಗೆಲಸದಾಕೆಯೊಬ್ಬಳು, ಪಕ್ಕದ ನಿವೇಶನದಲ್ಲಿ ಕಟ್ಟಡದ ಕೆಲಸದವರು ಇದ್ದೇ ಇರುತ್ತಾರೆ. ದಿನವೂ ನಗುತ್ತಿದ್ದವನು ಮಂಕಾದರೆ, ಊಟ ನಿದ್ರೆ ಬಿಟ್ಟರೆ, ಒಬ್ಬನೇ ಮಾತನಾಡಿಕೊಂಡರೆ, ಯಾರೋ ತನ್ನನ್ನು ಕೊಲ್ಲಲು ಬರುತ್ತಾರೆಂದು ಹೆದರಿದರೆ, ‘ಬದುಕು ಸಾಕಾಯಿತು’ ಎಂದರೆ, ಅದನ್ನು ಸೋಮಾರಿತನವೆಂದೋ ಕುಡಿತವೆಂದೋ ತಳ್ಳಿಹಾಕಬಾರದು. ಹತ್ತಿರ ಕುಳಿತು ಕೇಳಬೇಕು. 14416ಕ್ಕೆ ಕರೆ ಮಾಡಿಕೊಡಬೇಕು. ಆಸ್ಪತ್ರೆಗೆ ಹೋಗುವ ದಿನದ ಸಂಬಳವನ್ನು ಹಿಡಿಯಬಾರದು. ಊರಿನವರ ದೂರವಾಣಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು.

ಊರು ಬಿಟ್ಟವರು ಮನೆಯೊಳಗೂ ಇರಬಹುದು. ಹಳ್ಳಿಯ ಮನೆಗೆ ಬೀಗ ಹಾಕಿ ಮಗನ ಫ್ಲ್ಯಾಟಿಗೆ ಬಂದ ಅಜ್ಜಿಗೆ ಜಗಲಿಯಿಲ್ಲ, ಹಿತ್ತಿಲಿಲ್ಲ, ‘ಊಟವಾಯಿತೇ’ ಎಂದು ಕೇಳುವ ನೆರೆಯವರಿಲ್ಲ. ಅವರು ಮೌನವಾದರೆ ವಯಸ್ಸಿನ ಪ್ರಭಾವವೆಂದು ಸುಮ್ಮನಾಗುತ್ತೇವೆ. ಆ ಮೌನವೂ ಖಿನ್ನತೆಯಾಗಿರಬಹುದು, ಅದಕ್ಕೂ ಚಿಕಿತ್ಸೆಯುಂಟು. ಪರದೇಶದಲ್ಲಿ ಓದುತ್ತಿರುವ ಮಗಳು ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ’ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರೆ, ಅಂಕಗಳನ್ನು ಕೇಳುವ ಮೊದಲು ನಿದ್ರೆ ಬರುತ್ತಿದೆಯೇ, ಗೆಳತಿಯರಿದ್ದಾರೆಯೇ ಎಂದು ಕೇಳುವುದು ಲೇಸು. ಹೆಚ್ಚಿನ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಗಳಿಗೆ ಆಪ್ತಸಲಹೆಯ ವ್ಯವಸ್ಥೆಯಿದೆ; ಅದನ್ನು ಬಳಸಿಕೊಳ್ಳುವುದರಲ್ಲಿ ಅವಮಾನವಿಲ್ಲವೆಂಬ ಮಾತನ್ನು ಅವಳು ತಾಯಿತಂದೆಗಳ ಬಾಯಿಂದ ಕೇಳಬೇಕು.